ಸಂಪಾದಕರ ಉತ್ತರ: ಸಹಿ ಹಾಕುವ ಮೊದಲು ಕಾಲೇಜಿನ ಒಪ್ಪಂದ ಓದಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಹಾಸನದಲ್ಲಿ ಬಿ.ಕಾಂ. ಮುಗಿಸಿದ್ದೇನೆ, ಇಲ್ಲಿ ಪಿ.ಆರ್. (ಕಾಯಂ ವಾಸದ ಹಕ್ಕು) ಇದೆ. ಮನೆ ಹತ್ತಿರದ ಸಣ್ಣ ಕೆರಿಯರ್ ಕಾಲೇಜಿನಲ್ಲಿ (ಉದ್ಯೋಗ ತರಬೇತಿಯ ಖಾಸಗಿ ಸಂಸ್ಥೆ) ಬಿಸಿನೆಸ್ ಮ್ಯಾನೇಜ್‌ಮೆಂಟ್ ಮತ್ತು ಮಾರ್ಕೆಟಿಂಗ್ ಡಿಪ್ಲೊಮಾ ಸೇರಲೆ? ಊರಲ್ಲಿರುವ ತಮ್ಮನನ್ನೂ ಅದೇ ಕೋರ್ಸಿಗೆ ಕರೆಸಿಕೊಳ್ಳಬಹುದೆ?’

ತಮ್ಮನ ವಿಷಯ ಮೊದಲು. ದಯವಿಟ್ಟು ಬೇಡ. ಒಂಟಾರಿಯೊದ ಖಾಸಗಿ ಕೆರಿಯರ್ ಕಾಲೇಜಿನ ಡಿಪ್ಲೊಮಾ ನಂಬಿಕೊಂಡು ಬಂದವರಿಗೆ, ಓದು ಮುಗಿದ ಮೇಲೆ ಕೊಡುವ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಸರ್ಕಾರಿ ಕಾಲೇಜಿಗೆ ಬಂದರೂ ಕಷ್ಟವೇ. 2024ರ ನವೆಂಬರ್ 1ರಿಂದೀಚೆಗೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರು, ಆ ವರ್ಕ್ ಪರ್ಮಿಟ್ ಸಿಗಬೇಕಾದರೆ, ಗೊತ್ತುಪಡಿಸಿದ ವಿಷಯಗಳಲ್ಲೇ ಡಿಪ್ಲೊಮಾ ಮಾಡಿರಬೇಕು; ಬಿಸಿನೆಸ್, ಮಾರ್ಕೆಟಿಂಗ್ ಆ ಪಟ್ಟಿಯಲ್ಲಿಲ್ಲ. ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು, ಅದರಿಂದ ಸಾಲ ತೀರದು. ಏಜೆಂಟರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆ ಅಡವಿಟ್ಟ ತಂದೆತಾಯಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ನಿಮ್ಮ ಮಾತು ಬೇರೆ. ಪಿ.ಆರ್. ಇರುವುದರಿಂದ ನಿಮಗೆ ಬೇಕಾದದ್ದು ಕೆಲಸ ಕಲಿಸುವ ಕೋರ್ಸ್ ಮಾತ್ರ. ಮೊದಲು ಬಿ.ಕಾಂ. ಪದವಿಯನ್ನು ವಿದೇಶಿ ಪದವಿಗಳನ್ನು ಅಳೆಯುವ ಸಂಸ್ಥೆ ಡಬ್ಲ್ಯೂ.ಇ.ಎಸ್. ಮೂಲಕ ಮೌಲ್ಯಮಾಪನ ಮಾಡಿಸಿ. ಆ ವರದಿ ಹಿಡಿದು ಶೆರಿಡನ್, ಹಂಬರ್‌ನಂಥ ಸರ್ಕಾರಿ ಕಾಲೇಜುಗಳಲ್ಲಿ ಪದವೀಧರರಿಗಾಗಿಯೇ ಇರುವ ಮಾರ್ಕೆಟಿಂಗ್ ಸರ್ಟಿಫಿಕೇಟಿನ ಪ್ರವೇಶ ಮತ್ತು ಶುಲ್ಕ ವಿಚಾರಿಸಿ. ಸಣ್ಣ ಕಾಲೇಜಿನ ಅನುಕೂಲ ಬೇರೆ ಥರದ್ದು: ಕಡಿಮೆ ಅವಧಿ, ಚಿಕ್ಕ ತರಗತಿ, ಮಕ್ಕಳ ಶಾಲೆ ಬಿಡುವ ಹೊತ್ತಿಗೆ ಹೊಂದುವ ಸಮಯ. ಆದರೆ ಅಲ್ಲಿ ಓದಿದ ವಿಷಯಗಳನ್ನು ಮುಂದೆ ಪದವಿಗೆ ಲೆಕ್ಕ ಹಿಡಿಯುವುದು ಅಪರೂಪ.

ಅಲ್ಲೇ ಸೇರುವುದಾದರೆ, ಕಾಲೇಜು ನೋಂದಣಿಯಾಗಿದ್ದರೆ ಸಾಲದು, ಆ ಕೋರ್ಸಿಗೂ ಪ್ರತ್ಯೇಕ ಅನುಮತಿ ಇರಬೇಕು. ಎರಡನ್ನೂ ಪ್ರಾಂತ್ಯ ಸರ್ಕಾರದ ಹುಡುಕುಪಟ್ಟಿಯಲ್ಲಿ ನೋಡಿ.

ನಂತರ ಪಠ್ಯಕ್ರಮ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಇನ್ನೂ ‘ಯೂನಿವರ್ಸಲ್ ಅನಲಿಟಿಕ್ಸ್’ (ಜಾಲತಾಣಕ್ಕೆ ಬಂದವರನ್ನು ಲೆಕ್ಕ ಹಾಕುವ ಗೂಗಲ್ ಸಾಧನ) ಕಂಡರೆ ಹಳಸಲು ಪಾಠ ಎಂದೇ ತಿಳಿಯಿರಿ; ಗೂಗಲ್ ಅದನ್ನು 2023ರ ಜುಲೈನಲ್ಲಿ ನಿಲ್ಲಿಸಿ ಅದರ ಹೊಸ ರೂಪವಾದ ಜಿ.ಎ.4ಕ್ಕೆ (ಗೂಗಲ್ ಅನಲಿಟಿಕ್ಸ್ 4) ಬದಲಾಯಿಸಿತು. 2014ರ ಜುಲೈ 1ರಿಂದ ಜಾರಿಯಲ್ಲಿರುವ ಕೆನಡಾದ ಸ್ಪ್ಯಾಮ್ ವಿರೋಧಿ ಕಾಯ್ದೆಯ ಪಾಠ ಇದೆಯೆ? ಗ್ರಾಹಕರ ಒಪ್ಪಿಗೆಯಿಲ್ಲದೆ ಜಾಹೀರಾತಿನ ಇಮೇಲ್ ಕಳಿಸಿದರೆ ಕಂಪನಿಗೆ ದಂಡ ಬೀಳುತ್ತದೆ, ಹಾಗಾಗಿ ಇಲ್ಲಿ ಮಾರ್ಕೆಟಿಂಗ್ ಮಾಡುವವರಿಗೆ ಅದು ಬರಲೇಬೇಕು. ಎಕ್ಸೆಲ್ ಪೈವಟ್ ಟೇಬಲ್, ಬಜೆಟ್ ತಯಾರಿ, ನಿಜವಾದ ಅಂಗಡಿಗೆ ಜಾಹೀರಾತು ಹಾಕಿ ಫಲಿತಾಂಶ ಅಳೆಯುವ ಅಭ್ಯಾಸ, ಇವಕ್ಕೆ ಎಷ್ಟು ಗಂಟೆ ಎಂದು ಕೇಳಿ. ‘ಗೂಗಲ್ ಆ್ಯಡ್ಸ್ ಸರ್ಟಿಫಿಕೇಟ್ ಕೊಡಿಸುತ್ತೇವೆ’ ಎಂಬ ಮಾತಿಗೆ ದುಡ್ಡು ಕಟ್ಟಬೇಡಿ. ಗೂಗಲ್‌ನದೇ ಕಲಿಕಾ ತಾಣ ಸ್ಕಿಲ್‌ಶಾಪ್‌ನಲ್ಲಿ ಅದು ಉಚಿತ. ಪ್ರಾಕ್ಟಿಕಮ್ (ಕೆಲಸದ ಸ್ಥಳದಲ್ಲಿ ತರಬೇತಿ) ಇದೆ ಎಂದರೆ ಎಷ್ಟು ಗಂಟೆ, ಸ್ಥಳ ಹುಡುಕುವವರು ಯಾರು ಎಂಬುದು ಒಪ್ಪಂದದಲ್ಲೇ ಬರಲಿ. ಬಾಯಿಮಾತಿನ ಪ್ರಾಕ್ಟಿಕಮ್ ಕೊನೆಗೆ ನೀವೇ ಅಂಗಡಿ ಅಂಗಡಿ ಅಲೆಯುವ ಕೆಲಸವಾಗುತ್ತದೆ.

ಒಂಟಾರಿಯೊ ನಿಯಮದಂತೆ, ಸಹಿಯಾದ ಒಪ್ಪಂದದ ಪ್ರತಿ ಕೈಸೇರಿದ ಎರಡು ದಿನದೊಳಗೆ ಬರಹದಲ್ಲಿ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ತರಗತಿ ಶುರುವಾಗಿ ಅರ್ಧ ದಾಟುವ ಮೊದಲು ಬಿಟ್ಟರೆ, ನಡೆಯದ ಪಾಠದ ಹಣದಲ್ಲಿ ಒಟ್ಟು ಶುಲ್ಕದ ಶೇ 20 ಅಥವಾ 500 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು ಕಾಲೇಜು ಹಿಡಿದುಕೊಳ್ಳುತ್ತದೆ. ಹನ್ನೆರಡು ತಿಂಗಳೊಳಗಿನ, 12,000 ಡಾಲರಿನ ಕೋರ್ಸನ್ನು ಮೂರನೇ ಒಂದು ಭಾಗ ಮುಗಿದಾಗ ಬಿಟ್ಟರೆ 7,500 ಡಾಲರ್ ಬರಬೇಕು. ಅರ್ಧ ದಾಟಿದರೆ ಏನೂ ಬರುವುದಿಲ್ಲ. ಹಾಗಾಗಿ ಪಾಠ ಸರಿಯಿಲ್ಲ ಅನಿಸಿದರೆ ಮೂರನೇ ವಾರದಲ್ಲೇ ನಿರ್ಧರಿಸಿ, ಬಿಡುವ ಮಾತನ್ನು ಇಮೇಲಿನಲ್ಲಿ ತಿಳಿಸಿ.