ಓದುಗರ ಪ್ರಶ್ನೆ: ಪಿಟಿ ಮೇಷ್ಟ್ರು ಪಿಎಚ್‌ಡಿಗೆ ಏನು ತಗೋಬೇಕು?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದೈಹಿಕ ಶಿಕ್ಷಣದಲ್ಲಿ ರಿಸರ್ಚ್ ಮಾಡೋದರ ಬಗ್ಗೆನೇ ಇದ್ವು, ಅದರಲ್ಲೂ ಮಂಡ್ಯ ಮೈಸೂರು ಕಡೆಯಿಂದನೇ ಹೆಚ್ಚು. ಅದಕ್ಕೆ ಡಯಟ್ಟು, ಮೊಣಕೈ ನೋವು ಅಂತ ಬಂದಿದ್ದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಪೂರ್ತಿ ಇದನ್ನೇ ತಗೊಂಡಿದೀನಿ.

ನಾನು ಎಂಪಿಎಡ್ (ದೈಹಿಕ ಶಿಕ್ಷಣದ ಮಾಸ್ಟರ್ ಡಿಗ್ರಿ) ಮುಗಿಸಿ ಮದ್ದೂರು ಹತ್ರ ಒಂದು ಕಾಲೇಜಲ್ಲಿ ಗೆಸ್ಟ್ ಆಗಿ ಕೆಲಸ ಮಾಡ್ತಾ ಇದೀನಿ ಸಾರ್, ನೆಟ್ ಪರೀಕ್ಷೆ ಪಾಸಾಗಿದೆ, ಪಿಎಚ್‌ಡಿಗೆ ಅಪ್ಲೈ ಮಾಡ್ಬೇಕು. ಸೀನಿಯರ್ಸ್ ಎಲ್ಲ "12 ವಾರದ ಪ್ಲಯೋಮೆಟ್ರಿಕ್ (ಹಾರಿ ನೆಗೆಯೋ) ಟ್ರೈನಿಂಗ್‌ನಿಂದ ಹೈಸ್ಕೂಲ್ ಹುಡುಗರ ಫಿಟ್‌ನೆಸ್ ಮೇಲೆ ಪರಿಣಾಮ" ಅಂತ ತಗೋ, ಬೇಗ ಮುಗಿಯುತ್ತೆ ಅಂತಾರೆ. ತಗೋಬಹುದಾ? — ಓದುಗರು, ಮದ್ದೂರು

ತಗೋಬೇಡಿ ಅಂತಲೇ ನನ್ನ ಉತ್ತರ, ಆದ್ರೆ ಯಾಕೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಶೋಧಗಂಗಾ ಅಂತ, ಯೂನಿವರ್ಸಿಟಿ ಲೈಬ್ರರಿಗಳನ್ನ ಜೋಡಿಸೋ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನವರ ಥೀಸಿಸ್ ಭಂಡಾರ ಇದೆಯಲ್ಲ, ಅದು ಎಲ್ಲರಿಗೂ ಓಪನ್ನು, ದುಡ್ಡು ಕೊಡಂಗಿಲ್ಲ. ಒಂದು ಭಾನುವಾರ ಕೂತ್ಕೊಂಡು ಅದರಲ್ಲಿ ಫಿಸಿಕಲ್ ಎಜುಕೇಶನ್ ಅಂತ ಹಾಕಿ ಬರೀ ಟೈಟಲ್‌ಗಳನ್ನ ಓದಿ ಸಾಕು. ಯೋಗ, ಸರ್ಕ್ಯೂಟ್ ಟ್ರೈನಿಂಗ್, ಪ್ಲಯೋಮೆಟ್ರಿಕ್ಸು, ಇಷ್ಟರಲ್ಲಿ ಒಂದು, ಆಮೇಲೆ 6 ವಾರನೋ 12 ವಾರನೋ, ಆಮೇಲೆ ಯಾವುದೋ ಜಿಲ್ಲೆ ಹೆಸರು. ಬರೀತಿರೋರು ಕಷ್ಟಪಟ್ಟೇ ಬರೆದಿರ್ತಾರೆ, ನಾನು ಅವರನ್ನ ಹಳೀತಾ ಇಲ್ಲ, ಆದ್ರೆ ಆ ಪ್ರಶ್ನೆಗೆ ಉತ್ತರ ಶುರು ಮಾಡೋಕೆ ಮುಂಚೆನೇ ಗೊತ್ತಿರುತ್ತಲ್ಲ, ಏನೂ ಮಾಡದೆ ಕೂತಿದ್ದ ಹುಡುಗರನ್ನ 12 ವಾರ ಏನೇ ಮಾಡಿಸಿದ್ರೂ ಸ್ವಲ್ಪ ಇಂಪ್ರೂವ್ ಆಗೇ ಆಗ್ತಾರೆ.

ಅದಕ್ಕಿಂತ ದೊಡ್ಡ ಸಮಸ್ಯೆ ಬೆಳವಣಿಗೆದು. ಹುಡುಗರು 14ರ ಆಸುಪಾಸಲ್ಲಿ ಸರ್ರಂತ ಉದ್ದ ಆಗ್ತಾರೆ, ಹುಡುಗೀರು ಅದಕ್ಕಿಂತ ಎರಡು ವರ್ಷ ಮುಂಚೆನೇ, ಆ ಟೈಮಲ್ಲಿ ಒಬ್ಬ ಹುಡುಗ ವರ್ಷಕ್ಕೆ ಹತ್ರತ್ರ 9 ಸೆಂ.ಮೀ. ಬೆಳೀಬಹುದು ಅಂದ್ರೆ ನಿಮ್ಮ 12 ವಾರದಲ್ಲೇ 2 ಸೆಂ.ಮೀ. ಆಯ್ತು. ಅವನ ಲಾಂಗ್ ಜಂಪ್ ಜಾಸ್ತಿ ಆಗಿದ್ದು ನಿಮ್ಮ ಟ್ರೈನಿಂಗಿಂದಲೋ ಅವನ ಕಾಲು ಉದ್ದ ಆಗಿದ್ದಕ್ಕೋ? ಕಂಟ್ರೋಲ್ ಗ್ರೂಪ್, ಅಂದ್ರೆ ಟ್ರೈನಿಂಗ್ ಕೊಡದೆ ಬರೀ ಅಳತೆ ತಗೊಳ್ಳೋ ಹುಡುಗರ ಗುಂಪು, ಇಲ್ಲದೆ ಬರೀ ಪ್ರೀ ಟೆಸ್ಟ್ ಪೋಸ್ಟ್ ಟೆಸ್ಟ್ ಮಾಡಿ ಟಿ ಟೆಸ್ಟ್ ಅನ್ನೋ ಸರಾಸರಿ ಹೋಲಿಸೋ ಲೆಕ್ಕ ಹಾಕಿಬಿಟ್ರೆ ಇದಕ್ಕೆ ಉತ್ತರ ಕೊಡೋಕೇ ಆಗಲ್ಲ. ಜೊತೆಗೆ ಟೈಮಿಂಗು. ಸ್ಪ್ರಿಂಟನ್ನ ಸ್ಟಾಪ್‌ವಾಚಲ್ಲಿ ತಗೊಂಡ್ರೆ ಎಲೆಕ್ಟ್ರಾನಿಕ್ ಟೈಮಿಗೂ ಅದಕ್ಕೂ 0.24 ಸೆಕೆಂಡ್ ವ್ಯತ್ಯಾಸ ಅಂತ ಅಥ್ಲೆಟಿಕ್ಸಲ್ಲಿ ರೂಢಿಯಾಗಿ ಲೆಕ್ಕ ಹಾಕ್ತಾರೆ, ನಿಮ್ಮ ಹುಡುಗರು ಇಂಪ್ರೂವ್ ಆಗಿರೋದೇ 0.2 ಅಂದ್ರೆ ಅದು ಕಾಲಿನ ವೇಗನೋ ವಾಚ್ ಹಿಡಿದಿರೋರ ಹೆಬ್ಬೆರಳಿನ ವೇಗನೋ ಹೇಳೋದು ಕಷ್ಟ.

ಹಂಗಾದ್ರೆ ಏನು ತಗೋಬೇಕು ಅಂತೀರಾ. ನೀವು ಗ್ರೌಂಡಲ್ಲಿ ನಿಂತಾಗ ನಿಮಗೇ ಉತ್ತರ ಗೊತ್ತಿಲ್ಲದೆ ಒದ್ದಾಡಿರೋ ಪ್ರಶ್ನೆ ಒಂದಾದ್ರೂ ಇರುತ್ತಲ್ಲ, ಅದನ್ನ ತಗೊಳ್ಳಿ. ನಾನು ನೋಡಿರೋದು ಒಂದು ಹೇಳ್ತೀನಿ. ತಾಲ್ಲೂಕು ಮಟ್ಟದ 14ರ ಒಳಗಿನ ಕಬಡ್ಡಿ ಸೆಲೆಕ್ಷನ್ ನಡೀತಿರುತ್ತೆ, ಸಾಲಲ್ಲಿ ನಿಂತಿರೋರಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತೆ, ಪಕ್ಕದೋನು ಅವನ ಭುಜಕ್ಕೂ ಬರಲ್ಲ, ಇಬ್ಬರದೂ ಒಂದೇ ವಯಸ್ಸು. ನಾವು ಮೀಸೆ ಬಂದೋನನ್ನ ಟೀಮಿಗೆ ಹಾಕ್ತೀವಿ, ಚಿಕ್ಕೋನು ಮುಂದಿನ ವರ್ಷ ಬರೋದೇ ಇಲ್ಲ. ನಾವು ಆರಿಸಿದ್ದು ಆಟನೋ, ಬೇಗ ದೊಡ್ಡೋನಾಗಿದ್ದನ್ನೋ? ಇದು ನಿಜವಾದ ಪ್ರಶ್ನೆ ಕಣ್ರೀ. ಇದಕ್ಕೆ ಲ್ಯಾಬ್ ಬೇಡ. ನಿಂತ ಎತ್ತರ, ಕೂತ ಎತ್ತರ, ತೂಕ, ವಯಸ್ಸು ಇಷ್ಟು ಅಳೆದ್ರೆ ಹುಡುಗ ತಾನು ಅತಿ ವೇಗವಾಗಿ ಉದ್ದ ಆಗೋ ಘಟ್ಟದಿಂದ ಎಷ್ಟು ಹಿಂದೆ ಇದಾನೆ ಎಷ್ಟು ಮುಂದೆ ಇದಾನೆ ಅಂತ ಅಂದಾಜು ಮಾಡೋ ಸೂತ್ರ ಇದೆ, ಮಿರ್ವಾಲ್ಡ್ ಮತ್ತೆ ಜೊತೆಗಾರರು 2002ರಲ್ಲಿ ಕೊಟ್ಟಿದ್ದು. ಅದನ್ನ ಕಟ್ಟಿದ್ದು ಕೆನಡಾ ಮಕ್ಕಳ ಅಳತೆ ಮೇಲೆ. ನಮ್ಮ ಮಳವಳ್ಳಿ ನಾಗಮಂಗಲದ ಹೈಕ್ಳಿಗೆ ಅದು ಎಷ್ಟು ಸರಿ ಕೂರುತ್ತೆ ಅನ್ನೋದೇ ಇನ್ನೊಂದು ಅಧ್ಯಾಯ ಆಗುತ್ತೆ ನಿಮಗೆ.

ಇದರ ಪಕ್ಕದಲ್ಲೇ ಹುಟ್ಟಿದ ತಿಂಗಳ ಪ್ರಶ್ನೆ ಇದೆ. ಕೆನಡಾದ ಐಸ್ ಹಾಕಿಯಲ್ಲಿ ಟೀಮಿಗೆ ಸೇರಿರೋ ಹುಡುಗರು ವರ್ಷದ ಮೊದಲ ತಿಂಗಳುಗಳಲ್ಲೇ ಜಾಸ್ತಿ ಹುಟ್ಟಿರ್ತಾರೆ ಅಂತ 1985ರಲ್ಲೇ ಬಾರ್ನ್ಸ್‌ಲಿ ಅನ್ನೋರು ತೋರಿಸಿದ್ರು, ವಯಸ್ಸಿನ ಕಟ್ ಆಫ್ ಜನವರಿ ಒಂದು ಆಗಿದ್ದಕ್ಕೆ ಜನವರಿಯೋನಿಗೆ ಡಿಸೆಂಬರೋನಿಗಿಂತ ಹತ್ರತ್ರ ಒಂದು ವರ್ಷದ ಲಾಭ. ನಮ್ಮಲ್ಲಿ ಇದನ್ನ ಮಾಡೋಕೆ ಹೋದ್ರೆ ಮೊದಲು ಎದುರಾಗೋದೇ ದಾಖಲೆ, ಹಳ್ಳಿ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅಂದಾಜಲ್ಲಿ ಒಂದು ತಾರೀಕು ಬರ್ಕೊಂಡಿರೋದು ನಮ್ಮ ತಲೆಮಾರಲ್ಲಂತೂ ಮಾಮೂಲಿ, ಈಗ ಜನನ ಪತ್ರ ಇರೋದ್ರಿಂದ ಎಷ್ಟೋ ವಾಸಿ. ವಯಸ್ಸು ಪತ್ತೆ ಮಾಡೋಕೆ ಬಿಸಿಸಿಐನವರು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ಅನ್ನೋ ವಿಧಾನದಲ್ಲಿ ಮೂಳೆ ವಯಸ್ಸು ನೋಡ್ತಾರೆ, ನಾವು ನೀವು ಹಂಗೆಲ್ಲ ಶಾಲೆ ಮಕ್ಕಳಿಗೆ ಎಕ್ಸ್‌ರೇ ಮಾಡಿಸೋಕಾಗಲ್ಲ, ಮಾಡಿಸಲೂಬಾರದು. ಹಂಗಾಗಿ ಶಾಲಾ ದಾಖಲೆನೂ ಜನನ ಪತ್ರನೂ ಎರಡೂ ಇರೋ ಮಕ್ಕಳನ್ನ ಮಾತ್ರ ತಗೊಳ್ಳಿ.

ಪಿಎಚ್‌ಡಿಗೆ ಯುಜಿಸಿ ಪ್ರಕಾರ ಕಡಿಮೆ ಅಂದ್ರೂ ಮೂರು ವರ್ಷ ಬೇಕು. ಮೂರು ವರ್ಷ ದಿನಾ ಎದ್ದು ನೋಡೋ ಪ್ರಶ್ನೆ, ನಿಮಗೇ ಕುತೂಹಲ ಇಲ್ಲ ಅಂದ್ರೆ ಎರಡನೇ ವರ್ಷಕ್ಕೇ ಸಾಕಾಗೋಗುತ್ತೆ.

ನಾನು ಟಿ. ನರಸೀಪುರ ಕಡೆ ಹೈಸ್ಕೂಲ್ ಹುಡುಗೀರಿಗೆ ಖೋ ಖೋ ಹೇಳಿಕೊಡ್ತೀನಿ. ಎರಡು ವರ್ಷದಲ್ಲಿ ಮೂರು ಜನ ಹುಡುಗೀರಿಗೆ ಮೊಣಕಾಲು ಹೋಯ್ತು, ಒಬ್ಬಳಿಗೆ ಆಪರೇಷನ್ನೇ ಆಯ್ತು. ನನ್ನ ಟ್ರೈನಿಂಗ್ ತಪ್ಪಾ? ಇದರ ಮೇಲೆ ಯಾರಾದ್ರೂ ರಿಸರ್ಚ್ ಮಾಡ್ತಾರಾ? — ಓದುಗರು

ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಲಿ ಖೋ ಖೋ ವರ್ಲ್ಡ್ ಕಪ್ ಗೆದ್ದ ಟೀಮಲ್ಲಿ ಆಡಿದ ಮೇಲೆ ಆ ಕಡೆ ಎಷ್ಟು ಹುಡುಗೀರು ಗ್ರೌಂಡಿಗೆ ಬರೋ ಆಸೆ ಪಟ್ಟಿರ್ತಾರೆ, ಅವರ ಮೊಣಕಾಲು ಕಾಯೋದು ದೊಡ್ಡ ಕೆಲಸ. ತಪ್ಪು ನಿಮ್ಮದು ಅಂತ ಒಂದೇ ಮಾತಲ್ಲಿ ಹೇಳೋಕೆ ಯಾರಿಗೂ ಆಗಲ್ಲ, ದಯವಿಟ್ಟು ಅದನ್ನ ತಲೇಲಿಟ್ಕೊಂಡು ಕೊರಗಬೇಡಿ.

ಫುಟ್ಬಾಲು, ಬ್ಯಾಸ್ಕೆಟ್‌ಬಾಲ್ ಥರದ ಆಟಗಳಲ್ಲಿ ಹುಡುಗರಿಗಿಂತ ಹುಡುಗೀರಿಗೆ ಮೊಣಕಾಲೊಳಗಿನ ಎಸಿಎಲ್ ಲಿಗಮೆಂಟ್ ಹರಿಯೋದು ಎರಡು ಪಟ್ಟಿಗಿಂತ ಹೆಚ್ಚು ಅಂತ ಬೇರೆ ಬೇರೆ ದೇಶದಲ್ಲಿ ಮತ್ತೆ ಮತ್ತೆ ಕಂಡಿದೆ, ಅದೂ ಯಾರೂ ಗುದ್ದದೆ, ತಾನೇ ಓಡ್ತಾ ಸಡನ್ನಾಗಿ ತಿರುಗುವಾಗ, ಹಾರಿ ಇಳಿಯುವಾಗ. ಈಗ ನಮ್ಮ ಆಟ ನೋಡಿ. 27 ಮೀಟರ್ ಉದ್ದ 16 ಮೀಟರ್ ಅಗಲದ ಜಾಗ, ಒಂದು ಸರದಿಗೆ ಒಂಬತ್ತು ನಿಮಿಷ, ರನ್ನರ್ ಕೆಲಸನೇ ಪೂರ್ತಿ ಗಕ್ಕಂತ ನಿಂತು ದಿಕ್ಕು ಬದಲಾಯಿಸೋದು, ಚೇಸರ್ ಕುಕ್ಕರಗಾಲಲ್ಲಿ ಕೂತಿದ್ದೋಳು ಖೋ ಬಿದ್ದ ತಕ್ಷಣ ಎದ್ದು ಒಂದೇ ದಿಕ್ಕಿಗೆ ನುಗ್ಗಬೇಕು, ಕಂಬದ ಹತ್ರ ಹಾರಿ ಬೀಳೋ ಪೋಲ್ ಡೈವ್ ಬೇರೆ. ಫುಟ್ಬಾಲಿಗೆ ರಾಶಿ ರಾಶಿ ಸ್ಟಡಿ ಇದೆ, ನಮ್ಮ ಮಣ್ಣಿನ ಆಟಕ್ಕೆ ಅದರ ಒಂದು ಪಾಲೂ ಇಲ್ಲ, ಅದಕ್ಕೇ ನಿಮ್ಮಂಥವರ ಲೆಕ್ಕ ಬೇಕಾಗಿರೋದು.

ನಾಳೆಯಿಂದನೇ ಒಂದು ನೋಟ್‌ಬುಕ್ ಇಡಿ. ಪ್ರತಿ ದಿನ ಯಾರು ಬಂದ್ರು, ಎಷ್ಟು ನಿಮಿಷ ಆಡಿದ್ರು. ಗಾಯ ಆದ್ರೆ ಯಾವ ಕಾಲು, ಏನು ಮಾಡ್ತಿದ್ದಾಗ, ರನ್ನಿಂಗಲ್ಲೋ ಚೇಸಿಂಗಲ್ಲೋ, ಗ್ರೌಂಡ್ ಒಣಗಿತ್ತೋ ನೀರು ಹಾಕಿತ್ತೋ, ಎಷ್ಟು ದಿನ ಆಟಕ್ಕೆ ಬರಲಿಲ್ಲ. ಬರೀ "ಮೂರು ಜನಕ್ಕೆ ಆಯ್ತು" ಅಂದ್ರೆ ಅದು ಜಾಸ್ತಿನೋ ಕಡಿಮೆನೋ ತಿಳಿಯಲ್ಲ, ಎಲ್ಲರೂ ಆಡಿದ ಗಂಟೆ ಕೂಡಿಸಿದ್ರೆ ಆಗ 1000 ಗಂಟೆ ಆಟಕ್ಕೆ ಎಷ್ಟು ಗಾಯ ಅಂತ ಬರುತ್ತೆ, ಆ ಲೆಕ್ಕ ಬೇರೆ ಕಡೆದರ ಜೊತೆ ಹೋಲಿಸಬಹುದು. ಇನ್ನೊಂದು ಸುಲಭದ್ದು, ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆ ಆದ್ಮೇಲೆ ಒಬ್ಬೊಬ್ಬರನ್ನೂ ಇವತ್ತು ಎಷ್ಟು ಕಷ್ಟ ಆಯ್ತು, ಸೊನ್ನೆಯಿಂದ ಹತ್ತರಲ್ಲಿ ಹೇಳು ಅಂತ ಕೇಳಿ, ಅದನ್ನ ನಿಮಿಷಕ್ಕೆ ಗುಣಿಸಿ, 90 ನಿಮಿಷ ಆಡಿ 6 ಅಂದ್ರೆ 540. ಅಮೆರಿಕದ ಕಾರ್ಲ್ ಫಾಸ್ಟರ್ ತಂದ ವಿಧಾನ ಇದು. ಟೂರ್ನಮೆಂಟ್ ಹತ್ರ ಬಂದ ವಾರ ಆ ನಂಬರ್ ಹೆಂಗೆ ಏರುತ್ತೆ ಅಂತ ನೀವೇ ನೋಡಿ, ನನಗೆ ಅನ್ಸೋ ಪ್ರಕಾರ ನಮ್ಮ ಶಾಲೆಗಳಲ್ಲಿ ವರ್ಷ ಪೂರ್ತಿ ಏನೂ ಇಲ್ಲದೆ ಸೆಲೆಕ್ಷನ್‌ಗೆ ಹದಿನೈದು ದಿನ ಇದ್ದಾಗ ಬೆಳಿಗ್ಗೆ ಸಂಜೆ ಎರಡು ಹೊತ್ತು ಓಡಿಸ್ತಾರಲ್ಲ ಅದು ಬಹಳ ಕೆಟ್ಟದ್ದು.

ವಾರ್ಮ್ ಅಪ್‌ಗೆ ಈ ಲೆಕ್ಕ ಮುಗಿಯೋ ತನಕ ಕಾಯಬೇಕಾಗಿಲ್ಲ. ಫಿಫಾ 11 ಪ್ಲಸ್ ಅಂತ 20 ನಿಮಿಷದ್ದು, 15 ಎಕ್ಸರ್ಸೈಸ್ ಇದೆ, ನಾರ್ವೆಯಲ್ಲಿ 13ರಿಂದ 17 ವಯಸ್ಸಿನ 1892 ಫುಟ್ಬಾಲ್ ಹುಡುಗೀರ ಮೇಲೆ ನಡೆಸಿದ ಟ್ರಯಲ್ 2008ರಲ್ಲಿ ಬಂತು, ದೊಡ್ಡ ಗಾಯಗಳು ಹತ್ರತ್ರ ಅರ್ಧ ಕಡಿಮೆ ಆಗಿದ್ವು. ಮೊಣಕಾಲು ಒಳಗಡೆ ಮಡಚದ ಹಂಗೆ ಇಳಿಯೋದು, ಒಂಟಿ ಕಾಲ ಬ್ಯಾಲೆನ್ಸು, ತೊಡೆ ಹಿಂಭಾಗದ ಶಕ್ತಿ, ಇವೇ ಅದರಲ್ಲಿರೋದು. ಒಂದು ಸೀಸನ್ ನೋಟ್‌ಬುಕ್ ಇಟ್ಟು ಮೈಸೂರು ವಿವಿಯ ದೈಹಿಕ ಶಿಕ್ಷಣ ವಿಭಾಗದಲ್ಲಿ ಯಾರಾದ್ರೂ ಗೈಡ್ ಹತ್ರ ತೋರಿಸಿ, ಬರಿಗೈಲಿ ಹೋಗೋದಕ್ಕೂ ನಾಲ್ಕು ತಿಂಗಳ ಲೆಕ್ಕ ಹಿಡ್ಕೊಂಡು ಹೋಗೋದಕ್ಕೂ ವ್ಯತ್ಯಾಸ ಇದೆ.

ಫೋರ್ಸ್ ಪ್ಲೇಟ್ (ಕಾಲು ನೆಲ ಒತ್ತೋ ಬಲ ಅಳೆಯೋ ಹಲಗೆ) ಇಲ್ಲದೆ ಜಂಪ್ ಅಳೆಯೋದು ಹೆಂಗೆ? ನಮ್ಮ ಕಾಲೇಜಲ್ಲಿ ಟೇಪ್ ಬಿಟ್ರೆ ಏನೂ ಇಲ್ಲ. — ಓದುಗರು, ಕೆ.ಆರ್. ಪೇಟೆ

ನಿಮ್ಮ ಫೋನಲ್ಲಿ ಸ್ಲೋ ಮೋಷನ್ ಇದೆಯಾ ನೋಡಿ, ಸೆಕೆಂಡಿಗೆ 240 ಫ್ರೇಮ್ ಬಂದ್ರೆ ಸಾಕು. ಫೋನನ್ನ ನೆಲದ ಹತ್ರ ಅಲುಗಾಡದಂಗೆ ಇಟ್ಟು ಪಾದ ನೆಲ ಬಿಟ್ಟ ಫ್ರೇಮಿಂದ ಮತ್ತೆ ಮುಟ್ಟಿದ ಫ್ರೇಮ್ ತನಕ ಎಣಿಸಿ. 120 ಫ್ರೇಮ್ ಅಂದ್ರೆ ಅರ್ಧ ಸೆಕೆಂಡ್ ಗಾಳೀಲಿದ್ದ. ಆ ಸೆಕೆಂಡನ್ನ ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿ, 0.307 ಮೀಟರ್ ಬರುತ್ತೆ, ಹತ್ರತ್ರ 31 ಸೆಂ.ಮೀ. ಕಾಲು ಮಡಚ್ಕೊಂಡು ಇಳಿದ್ರೆ ಸುಳ್ಳು ಲೆಕ್ಕ ಬರುತ್ತೆ, ಅಂಥ ಜಂಪ್ ಬಿಟ್ಟುಬಿಡಿ. ಒಬ್ಬರಿಗೆ ಮೂರು ಸಲ, ಎರಡು ದಿನ ಬಿಟ್ಟು ಮತ್ತೆ ಮೂರು ಸಲ ತಗೊಂಡು ಎರಡೂ ಎಷ್ಟು ಹೊಂದುತ್ತೆ ಅಂತ ಥೀಸಿಸಲ್ಲಿ ಬರೀರಿ. ಸ್ಟ್ಯಾಮಿನಾಗೆ 20 ಮೀಟರ್ ಶಟಲ್ ರನ್ ಇದೆ, ಟೇಪು, ಬೀಪ್ ಶಬ್ದ ಹಾಕೋಕೆ ಸ್ಪೀಕರ್ರು, ನಾಲ್ಕು ಕೋನ್, ಇಷ್ಟೇ.

ನಮ್ಮಪ್ಪ ಮೈಸೂರಲ್ಲಿ ಪೈಲ್ವಾನ್ ಆಗಿದ್ರು, ನಾನು ಬಿಪಿಎಡ್ ಮಾಡಿದೀನಿ. ಗರಡಿ ಬಗ್ಗೆ ಏನಾದ್ರೂ ಮಾಡೋ ಆಸೆ, ಆದ್ರೆ ಅಳತೆ ಇಲ್ಲದ್ದು ಸೈನ್ಸ್ ಅಲ್ಲ ಅಂತ ಒಬ್ರು ಅಂದ್ಬಿಟ್ರು. — ಓದುಗರು, ಮೈಸೂರು

ಹಂಗೆ ಅಂದೋರ ಮಾತಿಗೆ ಬೇಜಾರಾಗಬೇಡಿ. ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದು, ವಿಂಗಡಿಸೋದೂ ಶಿಸ್ತಿರೋ ರಿಸರ್ಚೇ, ಅದಕ್ಕೂ ಅದರದೇ ವಿಧಾನ ಇದೆ.

ಮೈಸೂರಲ್ಲಿ ಇದಕ್ಕೆ ಇರೋ ಸಾಮಗ್ರಿ ಬೇರೆ ಊರಲ್ಲಿ ಸಿಗೋದು ಕಷ್ಟ. ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯ್ತು, ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರರು ಅವರ ಶಿಷ್ಯರೇ, ಅದರ ಮೇಲೆ ದೇಶ ವಿದೇಶದೋರು ಪುಸ್ತಕ ಬರೆದಾಗಿದೆ. ಅದೇ ಊರಿನ ಗರಡಿ ಮನೆಗಳ ಬಗ್ಗೆ ಅಷ್ಟು ಗಮನ ಬಂದಿಲ್ಲ ಅನ್ನೋದು ನನಗೆ ಬಹಳ ವರ್ಷದಿಂದ ಇರೋ ನೋವು. ವಯಸ್ಸಾಗಿರೋ ಉಸ್ತಾದ್‌ಗಳು ಹೋದ್ಮೇಲೆ ಯಾರನ್ನ ಕೇಳ್ತೀರಾ? ಮಟ್ಟಿ, ಅಂದ್ರೆ ಕುಸ್ತಿ ಅಖಾಡದ ಮಣ್ಣು, ಹೆಂಗೆ ಹದ ಮಾಡ್ತಿದ್ರು, ಬೆಳಿಗ್ಗೆ ಎಷ್ಟು ದಂಡ ಎಷ್ಟು ಬೈಠಕ್, ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ತೂಕದ ಮಷೀನ್ ಇಲ್ಲದ ಕಾಲದಲ್ಲಿ ಇವನಿಗೆ ಇವನೇ ಸಮ ಅಂತ ಯಾವ ಕಣ್ಣಲ್ಲಿ ನೋಡಿ ಹೇಳ್ತಿದ್ರು. ನಿಮಗೆ ಅಳತೆನೂ ಬೇಕು ಅನ್ಸಿದ್ರೆ ಮಣ್ಣಿಂದ ಮ್ಯಾಟಿಗೆ ಹೋಗೋ ಹುಡುಗರನ್ನ ನೋಡಿ, ಮ್ಯಾಟಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್ಸ್, ಮಣ್ಣಲ್ಲಿ ಕಲಿತ ಯಾವ ಪಟ್ಟು ಅಲ್ಲಿ ಉಳಿಯುತ್ತೆ ಯಾವುದು ಕೈ ಕೊಡುತ್ತೆ ಅಂತ ವಿಡಿಯೋ ಇಟ್ಕೊಂಡು ಎಣಿಸಬಹುದು. ಆದ್ರೆ ಮೊದಲು ನಿಮ್ಮಪ್ಪನ ಜೊತೆಯೋರನ್ನ ಮಾತಾಡಿಸಿ, ಈ ದಸರಾ ಒಳಗೇ.

ನನ್ನ ಮಗನ ಶಾಲೆಗೆ ಯಾರೋ ರಿಸರ್ಚ್ ಮಾಡೋರು ಬಂದು ಮಕ್ಕಳನ್ನೆಲ್ಲ ಓಡಿಸಿ ತೂಕ ಎತ್ತರ ತಗೊಂಡು ಹೋದ್ರು. ನಮ್ಮನ್ನ ಕೇಳಲೂ ಇಲ್ಲ, ಏನು ಬಂತು ಅಂತ ಹೇಳಲೂ ಇಲ್ಲ. ಇದು ಸರಿನಾ? — ಓದುಗರು, ಮಂಡ್ಯ

ಸರಿ ಅಲ್ಲ. ವೈದ್ಯಕೀಯ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಮಕ್ಕಳ ಮೇಲೆ ಸ್ಟಡಿ ಮಾಡೋಕೆ ಎಥಿಕ್ಸ್ ಕಮಿಟಿ ಒಪ್ಪಬೇಕು, ಅಪ್ಪ ಅಮ್ಮ ಒಪ್ಪಬೇಕು, ಏಳು ವರ್ಷ ದಾಟಿದ್ರೆ ಮಗುನೂ ಬಾಯಲ್ಲಿ ಒಪ್ಪಬೇಕು, 12 ದಾಟಿದ್ರೆ ಬರವಣಿಗೇಲಿ. ಹೆಡ್ ಮಾಸ್ಟರ್ ಹೂಂ ಅಂದ್ರು ಅನ್ನೋದು ನಿಮ್ಮ ಒಪ್ಪಿಗೆಗೆ ಸಮ ಆಗಲ್ಲ. ಶಾಲೆಗೆ ಹೋಗಿ, ರಿಸರ್ಚ್‌ಗೆ ಬಂದಿದ್ದೋರು ಯಾವ ಯೂನಿವರ್ಸಿಟಿ, ಗೈಡ್ ಯಾರು, ಎಥಿಕ್ಸ್ ಪತ್ರದ ನಕಲು ಇದೆಯಾ ಅಂತ ಬರವಣಿಗೇಲೇ ಕೇಳಿ, ಬೇಡ ಅನ್ಸಿದ್ರೆ ಮಗನ ಮಾಹಿತಿ ತೆಗೆದುಹಾಕಿ ಅಂತ ಹೇಳೋ ಹಕ್ಕೂ ನಿಮಗಿದೆ.

ಈ ವಿಷ್ಯದಲ್ಲಿ ನಾನೂ ತಪ್ಪು ಮಾಡಿದೀನಿ. ಎಂಪಿಎಡ್ ಡಿಸರ್ಟೇಶನ್‌ಗೆ ಒಂದು ಹಳ್ಳಿ ಶಾಲೇಲಿ ಮಕ್ಕಳಿಗೆ ಟೆಸ್ಟ್ ಮಾಡಿ ಬಂದಿದ್ದೆ, ಒಪ್ಪಿಗೆ ಗಿಪ್ಪಿಗೆ ಅನ್ನೋ ಯೋಚನೆನೇ ಆಗ ಇರಲಿಲ್ಲ. ಎಷ್ಟೋ ತಿಂಗಳಾದ್ಮೇಲೆ ಬಸ್ ಸ್ಟ್ಯಾಂಡಲ್ಲಿ ಅದರಲ್ಲಿದ್ದ ಒಬ್ಬ ಹುಡುಗ ಓಡಿ ಬಂದು "ಸಾ, ನನ್ದು ಎಷ್ಟು ಬಂದಿತ್ತು ಸಾ" ಅಂತ ಕೇಳ್ದ, ನನಗೆ ಹೇಳೋಕೆ ಗೊತ್ತಾಗಲಿಲ್ಲ, ನನ್ನ ಶೀಟಲ್ಲಿ ಅವನು ಬರೀ ಒಂದು ಸೀರಿಯಲ್ ನಂಬರ್ ಆಗಿದ್ದ. ಈಗ ನನ್ನ ಹತ್ರ ಬರೋ ಹುಡುಗರಿಗೆಲ್ಲ ಒಂದು ಶರತ್ತು ಹಾಕ್ತೀನಿ, ಡೇಟಾ ತಗೊಂಡ ಹದಿನೈದು ದಿನದೊಳಗೆ ಪ್ರತಿ ಮಗುಗೂ ಕನ್ನಡದಲ್ಲಿ ಒಂದು ಚೀಟಿ ಹೋಗಬೇಕು, ನಿನ್ನ ಎತ್ತರ ಇಷ್ಟು, ಜಂಪ್ ಇಷ್ಟು, ಓಟ ಇಷ್ಟು, ಮುಂದೆ ಇದನ್ನ ಮಾಡು ಅಂತ, ಪಕ್ಕದ ಹುಡುಗನದು ಎಷ್ಟು ಅಂತ ಅದರಲ್ಲಿ ಇರಬಾರದು. ನಿಮ್ಮ ಮಗನದೂ ಅಂಥದೊಂದು ಚೀಟಿ ಶಾಲೆ ಮೂಲಕ ಕೇಳಿ ಪಡ್ಕೊಳ್ಳಿ.