ಕೆಲಸ ಇದೆ, ಓದಿದ ಕೆಲಸ ಇಲ್ಲ

ಪ್ರಶ್ನೆ: ನನಗೆ 26 ವರ್ಷ. ಊರು ಮಂಡ್ಯದ ಹತ್ತಿರ. ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಎರಡು ವರ್ಷವಾಯಿತು. ಲ್ಯಾಬ್ ಕೆಲಸ ಸಿಗಲಿಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಬಟ್ಟೆ ಅಂಗಡಿಯೊಂದರಲ್ಲಿ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ಬಿಲ್ ಹಾಕುತ್ತೇನೆ. ಸಂಬಳ ₹8,000. ಈಗ ಮಾಲೀಕರು ‘ಇಡೀ ದಿನ ಬಾಮ್ಮ, ₹18,000 ಕೊಡ್ತೀನಿ’ ಅಂತಿದ್ದಾರೆ. ಅಪ್ಪ ಕಣ್ಣುಮುಚ್ಚಿ ಒಪ್ಕೊ ಅಂತಾರೆ. ನನಗೆ ಅಳು ಬರುತ್ತೆ. ಕೆಲಸವೇ ಇಲ್ಲದವರು ಎಷ್ಟೋ ಜನ ಇರುವಾಗ ಇದು ನನ್ನ ಕೊಬ್ಬಾ?

ಉತ್ತರ: ಕೊಬ್ಬಲ್ಲ. ಆ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ.

ಸರ್ಕಾರದ ಲೆಕ್ಕದಲ್ಲಿ ನೀವು ಪಕ್ಕಾ ಉದ್ಯೋಗಿ. 2017ರಿಂದ ನಡೆಯುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನದಲ್ಲಿ ಯಾವುದಾದರೂ ಒಂದು ದಿನ 1 ಗಂಟೆ ದುಡಿದವರೂ ‘ಕೆಲಸ ಇರುವವರು’. ಹಾಗಾಗಿ ನಿರುದ್ಯೋಗದ ಅಂಕಿಯಲ್ಲಿ ನಿಮ್ಮ ಸಂಕಟ ಕಾಣುವುದೇ ಇಲ್ಲ. ನಿಮ್ಮದು ಅರೆ ಉದ್ಯೋಗ. ಅದರಲ್ಲಿ ಎರಡು ಬಗೆ. ಇನ್ನೂ ದುಡಿಯಬಲ್ಲೆ, ಗಂಟೆ ಸಿಗುತ್ತಿಲ್ಲ ಅನ್ನುವುದು ಒಂದು. ಗಂಟೆ ಎಷ್ಟಿದ್ದರೂ ಕಲಿತದ್ದು ಬಳಕೆಗೆ ಬರುತ್ತಿಲ್ಲ ಅನ್ನುವುದು ಇನ್ನೊಂದು. ನಿಮಗೆ ಎರಡೂ ಇವೆ. ಮಾಲೀಕರು ನೀಗಿಸಲು ಹೊರಟಿರುವುದು ಮೊದಲನೆಯದನ್ನು ಮಾತ್ರ. ಸಂಬಳ ಎರಡು ಪಟ್ಟು ದಾಟಿದರೂ ಅಳು ಬಂದದ್ದು ಅದಕ್ಕೇ.

ಅಪ್ಪನ ಮೇಲೆ ಸಿಟ್ಟಾಗಬೇಡಿ. ನಿಮ್ಮದೂ ಕಬ್ಬಿನ ಮನೆಯಾಗಿದ್ದರೆ ಅವರ ಮಾತು ಅರ್ಥವಾಗುತ್ತೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಆದೇಶವೇ ಇದೆ. ಕೈಗೆ ಬರುವುದು ಯಾವಾಗ ಅಂತ ಬೆಳೆದವರನ್ನು ಕೇಳಬೇಕು! ಅಂಥವರಿಗೆ ಒಂದನೇ ತಾರೀಕು ತಪ್ಪದೆ ಬರುವ ಸಂಬಳ ಸಣ್ಣದಲ್ಲ.

ಆದರೂ ನನ್ನ ಸಲಹೆ: ಇಡೀ ದಿನದ ಕೆಲಸ ಈಗಲೇ ಒಪ್ಪಬೇಡಿ. ಮನೆಯಲ್ಲಿ ಸಾಲದ ಕಂತು ಕುತ್ತಿಗೆಗೆ ಬಂದಿದ್ದರೆ ಬೇರೆ ಮಾತು, ಆಗ ಒಪ್ಪಿಕೊಳ್ಳಿ. ನೀವು ಹಾಗೇನೂ ಬರೆದಿಲ್ಲ. ನಿಮ್ಮ ಬೆಳಗಿನ ಹೊತ್ತು ಖಾಲಿ ಇದೆ. ಇಂಟರ್‌ವ್ಯೂಗೆ ಹೋಗಲು ಇರುವುದು ಅದೊಂದೇ. ಅದನ್ನೂ ಅಂಗಡಿಗೆ ಕೊಟ್ಟರೆ ಇನ್ನೆರಡು ವರ್ಷ ಹೋಗಿದ್ದೇ ಗೊತ್ತಾಗಲ್ಲ.

ಎಲ್ಲಿಗೆ ಹೋಗೋದು ಅಂತೀರಾ? ನಂಜನಗೂಡಿನ ಔಷಧ ಮತ್ತು ಆಹಾರ ಕಾರ್ಖಾನೆಗಳಿಗೆ ಗುಣಮಟ್ಟ ಪರೀಕ್ಷೆಯ ಲ್ಯಾಬ್ ಇಲ್ಲದೆ ಆಗುವುದಿಲ್ಲ. ಮೈಸೂರಿನಿಂದ ರೈಲೂ ಇದೆ, ಬಸ್ಸೂ ಇದೆ. ಮೈಸೂರಿನಲ್ಲೇ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪ್ರಾಜೆಕ್ಟ್ ಹುದ್ದೆಗಳಿಗೆ ಆಗಾಗ ಕರೆಯುತ್ತಾರೆ. ತಾತ್ಕಾಲಿಕವೇ, ಆದರೆ ಕೈ ಮತ್ತೆ ಪಳಗುತ್ತೆ. ಸುಮ್ನೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಕೂರಬೇಡಿ. ನಿಮ್ಮ ಡಿಪಾರ್ಟ್‌ಮೆಂಟಿಗೆ ಹೋಗಿ, ಯಾವ ಸೀನಿಯರ್ ಯಾವ ಕಂಪನಿಯಲ್ಲಿದ್ದಾರೆ ಅಂತ ಮೇಷ್ಟ್ರನ್ನು ಕೇಳಿ ಬರೆದುಕೊಳ್ಳಿ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿ ಯಾವುದು ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ) ಮೆಷಿನ್ ನೀವೇ ನಡೆಸಿದ್ದೀರಾ, ದೂರದಿಂದ ನೋಡಿದ್ದೀರಾ? ಇಂಟರ್‌ವ್ಯೂನಲ್ಲಿ ಅದನ್ನು ಕೇಳುವ ಸಾಧ್ಯತೆ ಜಾಸ್ತಿ. ನೋಡಿದ್ದಷ್ಟೇ ಆದರೆ ಮೊದಲು ಒಂದು ಚಿಕ್ಕ ತರಬೇತಿ ಹುಡುಕಿ.

ಬಯೋಡೇಟಾದಲ್ಲಿ ಅಂಗಡಿಯನ್ನು ಮುಚ್ಚಿಡಬೇಡಿ. ಔಷಧ ಲ್ಯಾಬಿನಲ್ಲಿ ಅರ್ಧ ಕೆಲಸ ಬರೆದಿಡುವುದೇ: ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಮಾಡಿದವರ ಸಹಿ, ನೋಡಿದವರ ಸಹಿ. ದಿನಾ ರಾತ್ರಿ ಬಿಲ್ಲಿಗೂ ಗಲ್ಲಕ್ಕೂ ತಾಳೆ ಹಾಕಿದವರಿಗೆ ಅದು ಕಷ್ಟವಲ್ಲ. ಅದನ್ನು ಹಾಗೇ ಹೇಳಿ.

ಮಾಲೀಕರಿಗೆ ‘ಆಗಲ್ಲ’ ಅನ್ನಬೇಡಿ. ಆಷಾಢದ ಸೇಲ್, ವರಮಹಾಲಕ್ಷ್ಮಿ, ದಸರಾ ಸಮಯದಲ್ಲಿ ಇಡೀ ದಿನ ಬರುತ್ತೇನೆ, ಉಳಿದಂತೆ ಮಧ್ಯಾಹ್ನವೇ ಸಾಕು, ಸಂಬಳ ಸ್ವಲ್ಪ ಏರಿಸಿ ಅಂತ ಕೇಳಿ. ಜನ ಮುಗಿಬೀಳುವ ಹೊತ್ತಿಗೆ ಕೆಲಸ ಗೊತ್ತಿರುವವರು ಅವರಿಗೂ ಬೇಕು, ಅಲ್ವಾ? ಅಪ್ಪನ ಹತ್ತಿರ ಮುಂದಿನ ಯುಗಾದಿವರೆಗೆ ಗಡುವು ಕೇಳಿ. ಅಷ್ಟರಲ್ಲಿ ಲ್ಯಾಬ್ ಸಿಗದಿದ್ದರೆ ಮತ್ತೆ ಕೂತು ಮಾತಾಡೋಣ ಅನ್ನಿ.