ಬಡಕಲು ಮರಿ ಉಳಿಸಿದರೆ ತಳಿ ಕೆಡುತ್ತಾ?

ಪ್ರಶ್ನೆ: ನಮ್ಮ ಮುಧೋಳ ನಾಯಿ 7 ಮರಿ ಹಾಕಿ ಮೂರು ದಿನ ಆಯಿತು. ಒಂದು ಮರಿ ತೀರಾ ಸಣ್ಣದು, ಉಳಿದವು ಅದನ್ನು ಮೊಲೆ ಹತ್ತಿರ ಬಿಡುತ್ತಿಲ್ಲ. ಬಾಟಲಿ ಹಾಲು ಹಾಕೋಣ ಅಂದರೆ ಅಪ್ಪ ಬೇಡ ಅಂತಾರೆ. "ಗಟ್ಟಿ ಇದ್ದದ್ದು ಉಳಿಯುತ್ತೆ, ಹಿಂದೆ ಹಾಗೇ ಬಿಡ್ತಿದ್ವಿ, ಅದಕ್ಕೇ ಆಗಿನ ನಾಯಿಗಳು ಹಂಗಿದ್ವು" ಅನ್ನೋದು ಅವರ ಮಾತು. ಯಾರು ಸರಿ?
— ಓದುಗರೊಬ್ಬರು, ಮುಧೋಳ ತಾಲ್ಲೂಕು

ಉತ್ತರ: ವಾದ ಆಮೇಲೆ, ಮೊದಲು ಮರಿ ನೋಡಿ. ಅದರ ಬಾಯೊಳಗೆ ಕಿರುಬೆರಳು ಇಡಿ. ತಣ್ಣಗಿದ್ದರೆ ಈಗಲೇ ಹಾಲು ಬೇಡ, ಮೈ ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ನಿಧಾನಕ್ಕೆ ಬೆಚ್ಚಗೆ ಮಾಡಿ. ಆಮೇಲೆ ದೊಡ್ಡ ಮರಿಗಳನ್ನು ಸ್ವಲ್ಪ ಹೊತ್ತು ಬುಟ್ಟಿಗೆ ಹಾಕಿ, ಇದೊಂದನ್ನೇ ತಾಯಿಯ ಹಿಂದಿನ ಮೊಲೆಗೆ ಹಚ್ಚಿ. ಬಾಟಲಿಯೇ ಬೇಕಾದರೆ ನಾಯಿಮರಿಗೆಂದೇ ಬರುವ ಹಾಲಿನ ಪುಡಿ ತನ್ನಿ, ಆಕಳ ಹಾಲು ನಾಯಿ ಹಾಲಿಗಿಂತ ತೆಳು. ಕುಡಿಸುವಾಗ ಅಂಗಾತ ಮಲಗಿಸಬೇಡಿ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಕ ಹಾಕಿ ಬರೆದಿಡಿ.

ಇನ್ನು ಅಪ್ಪನ ಮಾತು. ಅರ್ಧ ನಿಜ. ಆದರೆ ಹಿಂದೆ ನಾಯಿಗಳನ್ನು ಆರಿಸಿದ್ದು ಬರೀ ಪ್ರಕೃತಿ ಅಲ್ಲ. ಮೊಲದ ಹಿಂದೆ ಓಡಿ ಏದುಸಿರು ಬಿಟ್ಟ ನಾಯಿಯನ್ನು ಹೆಣ್ಣಿಗೆ ಕೂಡಿಸುತ್ತಿರಲಿಲ್ಲ, ಅಷ್ಟೇ. ಅದು ಮನುಷ್ಯನ ಲೆಕ್ಕ. ಪ್ರಕೃತಿ ಕೊಂದದ್ದು ಮಳೆ, ಜಂತು, ಹಸಿವಿನಿಂದ, ತಾಯಿಯೇ ಮೈಮೇಲೆ ಮಲಗಿದ್ದರಿಂದ. ಮೂರು ದಿನದ ಮರಿ ತಾಯಿಯ ಅಡಿ ಸಿಕ್ಕಿ ಸತ್ತರೆ ಅದು ಓಡುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು? ಗರ್ಭದಲ್ಲಿ ಪೋಷಣೆ ಕಡಿಮೆ ಸಿಕ್ಕಿದ್ದಕ್ಕೇ ಮರಿ ಸಣ್ಣದಾಗಿರಬಹುದು, ವಂಶದ ದೋಷವೇ ಆಗಬೇಕಿಲ್ಲ. ಪಾರ್ವೋ (ವಾಂತಿ-ಭೇದಿ ತರುವ ವೈರಸ್ ಕಾಯಿಲೆ) ಅಂತೂ 1978ರ ಹೊತ್ತಿಗೆ ಕಾಣಿಸಿಕೊಂಡ ರೋಗ, ನಿಮ್ಮ ಅಜ್ಜನ ಕಾಲದ 'ಗಟ್ಟಿ' ನಾಯಿ ಅದನ್ನು ಕಂಡೇ ಇರಲಿಲ್ಲ. ಲಸಿಕೆ ಇಲ್ಲದಿದ್ದರೆ ಅದು ಚೆನ್ನಾಗಿರುವ ಮರಿಯನ್ನೂ ಒಯ್ಯುತ್ತದೆ.

ಅಪ್ಪ ಸರಿ ಇರುವುದು ಬೇರೆ ಕಡೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಅದು ಒಳ್ಳೆಯದೇ. ಆದರೆ ಬೇಟೆಯ ಜೊತೆ ಪರೀಕ್ಷೆಯೂ ಹೋಯಿತು. ಈಗ ಫೋಟೋ ನೋಡಿ, ಎಣಿಸೋ ಹಾಗೆ ಪಕ್ಕೆಲುಬು ಕಾಣುತ್ತಾ ಅಂತ ನೋಡಿ ತಳಿಗೆ ಬಿಡುತ್ತಾರೆ (ಅರೆಹೊಟ್ಟೆ ಹಾಕಿದರೆ ಯಾವ ನಾಯಿಯ ಪಕ್ಕೆಲುಬೂ ಕಾಣುತ್ತದೆ!). ಅಣ್ಣ-ತಂಗಿಯನ್ನೇ ಕೂಡಿಸಿ ಮರಿ ಮಾರುವವರೂ ಇದ್ದಾರೆ. ನನ್ನ ಸಿಟ್ಟು ಇವರ ಮೇಲೆ, ಬಾಟಲಿ ಹಿಡಿದ ನಿಮ್ಮ ಮೇಲಲ್ಲ. 2016ರಲ್ಲಿ ಮುಧೋಳ ಮರಿಗಳು ಮೀರತ್‌ಗೆ ಸೇನೆಯ ತರಬೇತಿಗೆ ಹೋದಾಗಲೂ ಅವುಗಳ ಬೆಲೆ ತಿಳಿಯಬೇಕಾಗಿದ್ದು ಕೆಲಸ ಮಾಡಿಸಿ ನೋಡಿಯೇ ಅಲ್ವಾ?

ಹಾಗಾಗಿ ಬದುಕಿಸಿ. ಬದುಕಿಸಿದ್ದಕ್ಕೇ ಅದರಿಂದ ಮರಿ ಮಾಡಿಸಬೇಕು ಅಂತೇನಿಲ್ಲ. ಎರಡು ವರ್ಷ ತುಂಬಲಿ. ಕುರಿ ಹಿಂದೆ ದಿನವಿಡೀ ನಡೆಯುತ್ತಾ, ಪಟಾಕಿ ಸದ್ದಿಗೆ ಮಂಚದಡಿ ಸೇರುತ್ತಾ, ಮಕ್ಕಳ ಮೇಲೆ ಸುಮ್ನೆ ಗುರ್ ಅನ್ನುತ್ತಾ ನೋಡಿ. ಸಮಾಧಾನ ಆಗದಿದ್ದರೆ ಸಂತಾನಹರಣ ಮಾಡಿಸಿ, ಮನೆಯಲ್ಲಿ ಆರಾಮಾಗಿ ಇರಲಿ. ಚೆನ್ನಾಗಿರುವ ಉಳಿದ ಆರಕ್ಕೂ ಇದೇ ಪರೀಕ್ಷೆ. ಮೊದಲ ಲಸಿಕೆ 6ರಿಂದ 8 ವಾರದೊಳಗೆ, ಏಳಕ್ಕೂ.